ಮಿಲುತಿನ್ ಹಾಕಿದ ಸಹಿ

ಮತದಾರರ ಪಟ್ಟಿಯಲ್ಲಿ ಅಪ್ಪನ ಹೆಸರಿನ ಎದುರು ಕಳೆದ ಚುನಾವಣೆಯ ಸಹಿ ಕಂಡು ರಾದೋಯ್ಕಾಳ ಕೆಂಪು ಪೆನ್ನು ನಿಂತುಬಿಟ್ಟಿತು. ಅಪ್ಪ ಮಿಲುತಿನ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಯುರೋಪಿನ ಒಕ್ಕೂಟಕ್ಕೆ ದೇಶ ಸೇರಬೇಕಾದರೆ ಪಟ್ಟಿಯಿಂದ ಸತ್ತವರ ಹೆಸರು ತೆಗೆಯಲೇಬೇಕೆಂಬ ಷರತ್ತಿತ್ತು. ಡುರ್ಮಿಟರ್ ಬೆಟ್ಟದ ಊರುಗಳಲ್ಲಿ ಮನೆಮನೆಗೆ ಹೋಗಿ ಆ ಕೆಲಸ ಮಾಡುತ್ತಿದ್ದ ಅವಳು ಇವತ್ತು ತವರಿಗೇ ಬಂದಿದ್ದಳು.

ಸಹಿಯ ಕೊನೆಯ ಅಕ್ಷರ ನಡುಗುತ್ತಾ ಕೆಳಗಿಳಿದಿತ್ತು. ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪ ಹಾಕುತ್ತಿದ್ದುದು ಹೀಗೆಯೇ. "ಇದನ್ನ ಯಾರಮ್ಮ ಹಾಕಿದ್ದು?"

"ನಾನೇ ಕಣೇ," ಅಂದಳು ತಾಯಿ ಸ್ತಮೆನಾ, ಕಾಫಿ ಬಗ್ಗಿಸುತ್ತಾ. "ಆಳೋ ಪಕ್ಷದವರು ಓಟಿನ ದಿನ ಈ ಪಟ್ಟೀನ ಮನೆಗೇ ತಂದಿದ್ರು. ಪೆನ್ನು ಹಿಡಿದ್ರೆ ಸಾಕು, ನಿಮ್ಮಪ್ಪನ ಕೈ ಬಂದು ನನ್ನ ಕೈ ಮೇಲೆ ಕೂರುತ್ತೆ."

ರಾದೋಯ್ಕಾ ಸಹಿಯನ್ನು ಮತ್ತೊಮ್ಮೆ ನೋಡಿದಳು. ಅಮ್ಮನಿಗೆ ಒಂದಕ್ಷರವೂ ಬರೆಯಲು ಬರುತ್ತಿರಲಿಲ್ಲ.

"ಹೆಸರು ಹೊಡೆದುಹಾಕಬೇಡ ಕಣೇ," ಅಂದಳು ತಾಯಿ. "ಚುನಾವಣೆಗಾದ್ರೂ ನಿಮ್ಮಪ್ಪ ಬರ್ತಾರೆ."

"ಬದುಕಿದ್ದಾಗ ಅಪ್ಪ ಆ ಪಕ್ಷಕ್ಕೆ ಒಂದು ಸಲಾನೂ ಓಟು ಹಾಕಲಿಲ್ಲ, ಅಮ್ಮ. ಈಗ ಅಪ್ಪನ ಹೆಸರಲ್ಲೇ ಆ ಪಕ್ಷದವರು ಗೆಲ್ತಿದ್ದಾರೆ."

ಸ್ತಮೆನಾ ಕಾಫಿ ಪಾತ್ರೆ ಕೆಳಗಿಟ್ಟು, ಪಟ್ಟಿಯನ್ನು ಮಗಳ ಕಡೆ ತಳ್ಳಿದಳು. ರಾದೋಯ್ಕಾ ಹೆಸರಿನ ಮೇಲೆ ಗೆರೆ ಎಳೆದಳು. ತಾಯಿ ಎದ್ದು ಬಾಗಿಲು ತೆರೆದು, ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದಳು.

"ಮೆಟ್ಟಿಲ ಮೇಲೆ ಹಿಮ ಬಿದ್ದಿದೆ," ಅಂದಳು ಮೆಲ್ಲಗೆ, "ನೋಡ್ಕೊಂಡು ಇಳೀರಿ."