ಒಂದು ಪದದ ತಿದ್ದುಪಡಿ

೨೦೨೪ ನವೆಂಬರ್ ಒಂಬತ್ತು, ಶನಿವಾರ. ಟೀವಿ ಧಾರಾವಾಹಿಯ ಆರು ಕಂತುಗಳಲ್ಲಿ ಐದು ಮುಗಿದಿದ್ದವು. ಅಪ್ಪನನ್ನು ಕರೆದೊಯ್ಯಲು ಕೆಳಮನೆಗೆ ಬಂದ ತೇಜಸ್ವಿ ಆ ಒಂದು ಪದ ಕೇಳಿ ಹೊಸ್ತಿಲಲ್ಲೇ ನಿಂತ.

“ನಿಮ್ಮ ತಂದೆ, ಅವರ ಫ್ರಾಯಂಡ್, ಇಬ್ಬರೂ ಎಷ್ಟು ಒಳ್ಳೆಯವರು” ಎಂದರು ಆ ಮನೆಯ ಒಡತಿ ಫ್ರೌ ವೇಬರ್. “ಕೊನೆಯ ಕಂತಿಗೆ ಇಡೀ ಕಟ್ಟಡದವರನ್ನು ಕರೆದಿದ್ದೇನೆ. ಎಲ್ಲರಿಗೂ ಪರಿಚಯಿಸುತ್ತೇನೆ.”

ಅಪ್ಪ ಶಿವಲಿಂಗಯ್ಯ ಕುಂದಾಪುರದಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಯಾದವ ಅದೇ ಶಾಲೆಯಲ್ಲಿ ಜವಾನನಾಗಿದ್ದವ. ಅಮ್ಮ ತೀರಿಕೊಂಡ ಮೇಲೆ ಅಪ್ಪನ ಅಡುಗೆ, ಔಷಧಿ ಎಲ್ಲ ಅವನದೇ. ಅವನಿಗೂ ಟಿಕೆಟ್ ಕಳಿಸದಿದ್ದರೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಮಗನ ಮನೆಗೆ ತಾನು ಬರುವುದಿಲ್ಲವೆಂದು ಅಪ್ಪ ಹಟ ಹಿಡಿದಿದ್ದರು. ಬಂದವರು ಮೊಬೈಲಿನಲ್ಲಿ ಜರ್ಮನ್ ಕಲಿಯತೊಡಗಿದರು.

ಪ್ರತಿ ಶನಿವಾರ ಇಬ್ಬರೂ ಧಾರಾವಾಹಿ ನೋಡಲು ಹೋದಾಗ ಫ್ರೌ ವೇಬರ್ ಗೋಡೆಯ ಮೇಲಿನ ತೀರಿಹೋದ ಗಂಡನ ಚಿತ್ರ ತೋರಿಸಿ, “ಮೈನ್ ಮನ್”, ನನ್ನ ಗಂಡ, ಎಂದು ಹೇಳಿಯೇ ಟೀವಿ ಹಚ್ಚುತ್ತಿದ್ದರು. ಧಾರಾವಾಹಿ ಬ್ರಿಟನ್ನಿನದು. ಶ್ರೀಮಂತ ಮನೆತನದ ಒಬ್ಬ ಮಂತ್ರಿ. ಅವನ ಪ್ರೇಮಿಯಾದ ಕಾರು ಚಾಲಕ. ಚುನಾವಣೆ ಹತ್ತಿರವಾದಾಗ ಪತ್ರಕರ್ತರು ಅವನು ಯಾರೆಂದು ಕೇಳಿದರು. “ನನ್ನ ಡ್ರೈವರ್, ಅಷ್ಟೇ” ಎಂದ ಮಂತ್ರಿ. ಅಲ್ಲಿಗೆ ಐದನೆಯ ಕಂತು ಮುಗಿದಿತ್ತು.

“ಆ ಮಂತ್ರಿಯದ್ದು ಒಂದು ಮಾತು ಬಾಕಿ ಉಂಟು, ಮೇಷ್ಟ್ರೇ” ಎಂದ ಯಾದವ, ಮೆಟ್ಟಿಲು ಹತ್ತುತ್ತ.

“ಇನ್ನೊಂದು ಕಂತಿದೆಯಲ್ಲ” ಎಂದರು ಅಪ್ಪ.

ಮನೆಯೊಳಗೆ ಬಂದದ್ದೇ ತೇಜಸ್ವಿ ಬಾಗಿಲು ಹಾಕಿದ. “ಅಪ್ಪ, ಯಾದವಣ್ಣನ್ನ ಅವ್ರಿಗೆ ಏನಂತ ಹೇಳಿದ್ರಿ?”

“ಮೈನ್ ಫ್ರಾಯಂಡ್. ನನ್ನ ಸ್ನೇಹಿತ.”

“ಇಲ್ಲಿ ಹಾಗಂದ್ರೆ ಬರೀ ಸ್ನೇಹಿತ ಅಲ್ಲ, ಲವರ್ ಅಂತ ಅರ್ಥ. ‘ಐನ್ ಫ್ರಾಯಂಡ್ ಫೊನ್ ಮಿಯರ್’ ಅನ್ಬೇಕು, ನನ್ನ ಸ್ನೇಹಿತರಲ್ಲಿ ಒಬ್ಬ ಅಂತ.”

ಕಿತ್ತಳೆ ಸುಲಿಯುತ್ತಿದ್ದ ಯಾದವನ ಕೈ ನಿಂತಿತು.

“ಹಾಗಾದ್ರೆ ಪದ ತಪ್ಪು” ಎಂದರು ಅಪ್ಪ.

“ತಪ್ಪೇ. ಸುಮ್ನೆ ಅಟೆಂಡರ್ ಅಂದ್ಬಿಡಿ. ಶನಿವಾರ ಎಲ್ರ ಮುಂದೆ ಮಾನ ಹೋಗತ್ತೆ.”

“ತಪ್ಪು ಉತ್ತರಾನ ನಾನು ಬೋರ್ಡಿನ ಮೇಲೆ ಬಿಟ್ಟೋನಲ್ಲ. ಎಲ್ಲರ ಮುಂದೇನೇ ತಿದ್ತೀನಿ.”

“ನಾನು ಮನೆಯಲ್ಲೇ ಇರ್ತೇನೆ, ಮೇಷ್ಟ್ರೇ” ಎಂದ ಯಾದವ. “ಮೊಣಕಾಲು ನೋವುಂಟು.”

“ನೀನು ಬರಬೇಕು. ನೀನಿಲ್ಲದೆ ತಿದ್ದೋಕಾಗಲ್ಲ.”

ಅಪ್ಪ ಇಷ್ಟು ಕಠಿಣರಾಗಬಾರದಿತ್ತು ಎಂದು ತೇಜಸ್ವಿಗೆ ಅನಿಸಿತು. ಆ ವಾರವಿಡೀ ಯಾದವ ಮೇಜಿಗೆ ಬಡಿಸಿ, ತಾನು ಅಡುಗೆಮನೆಯಲ್ಲಿ ನಿಂತೇ ಉಂಡ.

ಶನಿವಾರ ಫ್ರೌ ವೇಬರ್ ಮನೆಯಲ್ಲಿ ಕುರ್ಚಿ ಸಾಲಲಿಲ್ಲ. ಯಾದವ ಬಾಗಿಲ ಬಳಿ, ಹೊರಡಲು ಸಿದ್ಧನಾದವನ ಹಾಗೆ ನಿಂತಿದ್ದ. ಪರದೆಯಲ್ಲಿ ಮಂತ್ರಿ ಚುನಾವಣೆ ಗೆದ್ದ. ಚಾಲಕ ಕೀಲಿಕೈ ಮೇಜಿನ ಮೇಲಿಟ್ಟು ಹೊರಟುಹೋದ. ಆ ಮಾತನ್ನು ಮಂತ್ರಿ ಆಡಲೇ ಇಲ್ಲ.

ದೀಪ ಹಚ್ಚಿ ಫ್ರೌ ವೇಬರ್ ಎದ್ದು ನಿಂತರು. “ಇವರು ಹೆರ್ ಶಿವಲಿಂಗಯ್ಯ. ಅವರು ಇವರ ಫ್ರಾಯಂಡ್...”

ಅಪ್ಪ ಕೈಯೆತ್ತಿ ತಡೆದರು. ತೇಜಸ್ವಿ ನಿರಾಳವಾಗಿ ಉಸಿರು ಬಿಟ್ಟ.

“ಕ್ಷಮಿಸಿ. ಫ್ರಾಯಂಡ್ ಎಂದದ್ದು ನನ್ನ ತಪ್ಪು.”

ಅಪ್ಪ ಬಾಗಿಲಿಗೆ ನಡೆದು ಯಾದವನ ಕೈ ಹಿಡಿದರು, ಗೋಡೆಯ ಮೇಲಿನ ಚಿತ್ರದತ್ತ ಒಮ್ಮೆ ನೋಡಿ, ಬಾಕಿಯಿದ್ದ ಮಾತನ್ನು ಸ್ಪಷ್ಟವಾಗಿ ಆಡಿದರು: “ಮೈನ್ ಮನ್.”