ದಶರಥನ ಟ್ಯಾಂಕು

“ಮಾಸ್ತರ, ನೀವು ಬೇಕಂತ ಸೋಲಾಕತ್ತೀರಿ.”

ನಂದಕಿಶೋರ್ ತಲೆಯೆತ್ತಲಿಲ್ಲ. ಕಲ್ಲುಹಾಸಿನ ಮೇಲೆ ರಿಮೋಟಿನಿಂದ ಓಡುವ ಅವನ ಹಸಿರು ಆಟದ ಟ್ಯಾಂಕು ಕೆಂಪು ದೀಪ ಮಿಣುಕಿಸುತ್ತ ಸತ್ತು ನಿಂತಿತ್ತು. ಐದು ಪೆಟ್ಟು ತಿಂದರೆ ಟ್ಯಾಂಕು ಸತ್ತಂತೆ. ಪೆಟ್ಟೆಂದರೆ ಗುಂಡೇನಲ್ಲ, ಕಣ್ಣಿಗೆ ಕಾಣದ ಬೆಳಕಿನ ಕಿರಣ. ಅದು ತಗುಲಿದರೆ ಸಾಕು, ಮೊಳದುದ್ದದ ಆ ಯಂತ್ರ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ.

“ರಾಯರ ಆಣಿ, ದಶರಥ. ಒಂದು ವಾರನೂ ಬಿಟ್ಟುಕೊಟ್ಟಿಲ್ಲ. ಸಾಲ್ಯಾಗ ಸೈನ್ಸ್ ಕಲಿಸೋ ಮನುಷ್ಯಾ ನಾನು. ಎಂಟು ಐತವಾರ ಸೋತೀನಿ ಅಂತ ಊರಾಗ ಹೇಳಿಕೊಳ್ಳಲಿಕ್ಕೆ ನನಗೇನು ಹೌಸಿ ಅದ ಏನು?”

“ಹಂಗಾದ್ರ ಇನ್ನೊಂದು ಆಟ ಆಗ್ಲಿ.”

ಶಹಾಬಾದಿನ ಆಚೆ, ಕಲ್ಲು ತೆಗೆದು ಬಿಟ್ಟುಹೋದ ಗಣಿ. ನೆಲವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಸಪಾಟು. ವಾಡಿಯಿಂದ ಟಂಟಂ ಆಟೊ ಹಿಡಿದು ಇಬ್ಬರೂ ಪ್ರತಿ ಭಾನುವಾರ ಇಲ್ಲಿಗೆ ಬಂದು ಟ್ಯಾಂಕು ಕಾದಿಸುವುದು ಮೂರು ವರ್ಷದ ಹುಚ್ಚು. ಆದರೆ ಈ ಭಾನುವಾರ ಬರೀ ಆಟವಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಯಲ್ಲಿ ದಶರಥನ ಕೈಗಳ ಪರೀಕ್ಷೆ. ಪಾಸಾದರೆ ಮತ್ತೆ ಕ್ರೇನ್ ನಡೆಸುವ ಕೆಲಸ. ಇಲ್ಲದಿದ್ದರೆ ಇಪ್ಪತ್ತೆರಡು ವರ್ಷದ ದುಡಿಮೆಗೆ ಒಂದು ಶಾಲು, ಒಂದು ಹಾರ.

ಕಳೆದ ಚಳಿಗಾಲದಲ್ಲಿ ದಶರಥನ ಬೆರಳ ತುದಿ ಜೋಮು ಹಿಡಿದಂತಾಯಿತು. ಆಮೇಲೆ ಅಂಗಿಯ ಗುಂಡಿ ಸಿಗದಾಯಿತು, ಚಹಾದ ಗ್ಲಾಸು ಕೈಜಾರತೊಡಗಿತು. ಹೈದರಾಬಾದಿನ ಡಾಕ್ಟರು ಅವನನ್ನು ಹೊರಗೆ ಕೂರಿಸಿ, ಹೆಂಡತಿ ಪೀರಮ್ಮನನ್ನು ಮಾತ್ರ ಒಳಗೆ ಕರೆದರು. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಬಂದಳು.

“ಏನಂದ್ರು?”

“ಗುಣ ಆಗ್ತದಂತ. ಭಾಳ ದಿನ ಬೇಕಂತ.”

ಅವನು ನಂಬಲಿಲ್ಲ. ರಜೆ ಹಾಕಿ, ಊಟ ಬಿಟ್ಟು, ಗೋಡೆ ನೋಡುತ್ತ ಕೂತ. ಭಾನುವಾರ ಬಂದರೆ ಸೋಲು. ಜೂನಿನಲ್ಲಂತೂ ರಿಮೋಟೇ ಕೈಯಿಂದ ಜಾರಿ ಗಣಿಯ ನೀರಿಗೆ ಬಿತ್ತು. ಪೀರಮ್ಮನೇ ಅದನ್ನು ರೇಡಿಯೊ ರಿಪೇರಿಯ ಖಾಜಾನ ಅಂಗಡಿಗೆ ಒಯ್ದಳು. “ಹೊಸದರಂಗ ಮಾಡಿ ಕೊಟ್ಟಾನ ನೋಡ್ರಿ,” ಎಂದು ಕೈಗಿಟ್ಟಳು. ದೀಪ ಹತ್ತಿತು. ಆ ವಾರ ಅವನು ಗೆದ್ದ. ಅವತ್ತು ಎರಡು ರೊಟ್ಟಿ ಹೆಚ್ಚು ತಿಂದ. ಆಮೇಲೆ ಸೋತದ್ದೇ ಇಲ್ಲ.

ಮಜಾ ಎಂದರೆ, ಒತ್ತಿದ್ದು ಅವನ ಬೆರಳಿಗೇ ತಿಳಿಯುತ್ತಿರಲಿಲ್ಲ. ಟ್ಯಾಂಕಿಗೆ ತಿಳಿಯುತ್ತಿತ್ತು. ಕ್ರೇನಿನಲ್ಲಿ ಪ್ರತಿ ನಡೆಯನ್ನೂ ಬಾಯಿಬಿಟ್ಟು ಕೂಗಿಯೇ ಮಾಡಬೇಕು, ಕೆಳಗೆ ನಿಂತವರ ಜೀವದ ಮಾತು. ಆ ರೂಢಿ ಆಟಕ್ಕೂ ಬಂದಿತ್ತು. “ಎಡಕ್ಕ... ನಿಲ್ಲು... ಹೊಡಿ!” ಎಂದು ಅವನು ಕೂಗುವನು, ಟ್ಯಾಂಕು ಹಾಗೆಯೇ ಮಾಡುವುದು. ಕೈ ಸತ್ತಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಆದರೂ ಒಂದು ಮುಳ್ಳು. ಮಾಸ್ತರು ಕನಿಕರಪಟ್ಟು ಸೋಲುತ್ತಿದ್ದರೆ?

ಜಾಲಿ ಮರದ ನೆರಳಲ್ಲಿ ಪೀರಮ್ಮ ಕೂತಿದ್ದಳು. ಮೊದಲೆಲ್ಲ “ಮುದುಕರಾಗೋ ಹೊತ್ನ್ಯಾಗ ಹುಡುಗಾಟ” ಎಂದು ಬೈಯುತ್ತಿದ್ದವಳು ಈಗ ಒಂದು ವಾರವೂ ತಪ್ಪಿಸುವುದಿಲ್ಲ. ತೊಡೆಯ ಮೇಲೆ ಉಣ್ಣೆಯ ಚೀಲ, ಎರಡೂ ಕೈ ಚೀಲದೊಳಗೆ. ಮಗಳು ಪೂನಮ್‌ಳ ಕೂಸಿಗೆ ಕುಲಾಯಿ ಟೋಪಿ ಹೆಣೆಯುವ ಕೆಲಸ. ಚೀಲದ ಬಾಯಿಂದ ಸ್ಟೀಲಿನ ಕಡ್ಡಿಯೊಂದು ಇಣುಕುತ್ತಿತ್ತು.

“ವೈನಿ, ಕೂಸು ಸಾಲಿಗೆ ಹೋಗೋದ್ರಾಗರ ಈ ಕುಲಾಯಿ ಮುಗೀತದೋ ಇಲ್ಲೋ?” ನಂದಕಿಶೋರ್ ಕೆಣಕಿದ.

“ಮೊದಲ ನಿಮ್ಮ ಟ್ಯಾಂಕ್ ನೋಡ್ಕೋರಿ ಮಾಸ್ತರ. ಆಟದಾಗ ಅದರ ಮ್ಯಾಲಿನ ಕಣ್ಣು ತಗದವ ಸೋತ ಅಂತ ನಮ್ಮ ಮನಿಯವರು ಹಗಲೆಲ್ಲ ಹೇಳ್ತಾರ.”

ಆಟ ಶುರುವಾಯಿತು. ದಶರಥ ತನ್ನ ಟ್ಯಾಂಕನ್ನು ಮರೆಯಿಲ್ಲದ ಬಯಲಿಗೆ ತಂದ. “ನಿಲ್ಲು,” ಎಂದ. ನಿಂತಿತು. ಬೆರಳು ತಾನಾಗಿ ಏನಾದರೂ ಮಾಡೀತೆಂದು ರಿಮೋಟನ್ನು ಮೆಲ್ಲಗೆ ನೆಲದ ಮೇಲಿಟ್ಟ. ಈಗ ಗೊತ್ತಾಗುತ್ತದೆ. ಸುಮ್ಮನೆ ನಿಂತ ಟ್ಯಾಂಕಿಗೂ ಮಾಸ್ತರು ಹೊಡೆಯದಿದ್ದರೆ ಎಂಟೂ ಗೆಲುವು ಸುಳ್ಳು.

ಮಾಸ್ತರು ಹೊಡೆದರು.

ಟ್ಯಾಂಕು ನಡುಗಿತು. ಮತ್ತೊಂದು. ಮೂರನೆಯದು. ನಂದಕಿಶೋರನ ಹಣೆಯಲ್ಲಿ ಬೆವರು, ಹಲ್ಲು ಕಚ್ಚಿದ್ದ. ಅದು ಕನಿಕರದ ಮುಖವಲ್ಲ. ದಶರಥನಿಗೆ ಎದೆ ತುಂಬಿ ಬಂತು. ಹಾಗಾದರೆ ಎಂಟೂ ಗೆಲುವು ಖರೆ. ಕೈ ಖರೆ. ನಾಳೆ ಹತ್ತಕ್ಕೆ ಪರೀಕ್ಷೆ, ನಾಡಿದ್ದು ಕ್ರೇನು. ಅರವತ್ತು ಅಡಿ ಮೇಲೆ ಕೂತು ಕಾಗಿಣಾ ಹೊಳೆಯ ಗಾಳಿ ಕುಡಿಯಬಹುದು.

ನಾಲ್ಕನೆಯ ಪೆಟ್ಟು ಬಿತ್ತು. ಇನ್ನೊಂದಾದರೆ ಸಾವು. ಇಪ್ಪತ್ತೆರಡು ವರ್ಷದ ರೂಢಿ ಬಾಯಿಗೆ ಬಂತು.

“ಎಡಕ್ಕ! ಹಿಂದ! ಹೊಡಿ!”

ಟ್ಯಾಂಕು ಎಡಕ್ಕೆ ತಿರುಗಿತು. ಹಿಂದೆ ಸರಿಯಿತು. ಹೊಡೆಯಿತು.

ರಿಮೋಟು ಅವನ ಕಾಲ ಬಳಿ ಬಿದ್ದಿತ್ತು. ದೀಪ ಉರಿಯುತ್ತಿತ್ತು. ಅವನ ಎರಡೂ ಕೈ ಗಾಳಿಯಲ್ಲಿ ಖಾಲಿ ಇದ್ದವು.

“ಅಯ್ಯ, ಮತ್ತ ಬಿತ್ತಲ್ಲಪ್ಪ ನನಗ!” ಎಂದು ನಂದಕಿಶೋರ್ ಕಿರುಚಿದ. ಅವನು ಇತ್ತ ನೋಡಲಿಲ್ಲ. ಪೀರಮ್ಮನೂ ನೋಡಲಿಲ್ಲ. ಅವಳ ಕಣ್ಣು ಟ್ಯಾಂಕಿನ ಮೇಲೆಯೇ ನೆಟ್ಟಿತ್ತು, ತುಟಿ ಬಿಗಿದಿತ್ತು, ಮೊಣಕೈ ಅಲುಗುತ್ತಿತ್ತು. ಕಣ್ಣು ತೆಗೆದವನು ದಶರಥ ಒಬ್ಬನೇ.

ಆಟ ಮುಗಿಯಿತು. ಒಂಬತ್ತನೆಯ ಗೆಲುವು. ಆಗ ಪೀರಮ್ಮ ಗಂಡನತ್ತ ನೋಡಿದಳು, ಅವನ ಖಾಲಿ ಕೈಗಳನ್ನು ನೋಡಿದಳು, ನೆಲದ ಮೇಲಿನ ರಿಮೋಟನ್ನು ನೋಡಿದಳು.

ಚೀಲದಿಂದ ಇಣುಕುತ್ತಿದ್ದ ಆ ಕಡ್ಡಿಯ ತುದಿಯನ್ನು ಅಂಗೈಯಿಂದ ಒತ್ತಿದಳು. ಅದು ರಿಮೋಟಿನ ಏರಿಯಲ್ ಕಡ್ಡಿಯ ಹಾಗೆ ಒಂದರೊಳಗೊಂದು ಇಳಿದು, ಗೇಣುದ್ದವಾಗಿ, ಒಳಗೆ ಹೋಯಿತು.