ತೊಗರಿ ಚೀಲದ ಸವಾರಿ

ಒಂಬತ್ತನೆಯ ಸಲವೂ ತೊಗರಿ ಚೀಲ ಮಗುಚಿ ಬಿತ್ತು.

ಮೊಣಕಾಲೆತ್ತರದ ರೈಲು ಹಳಿ ಬಿಟ್ಟು, ಬದನೆ ಪಾತಿಗೆ ಮೂತಿ ತೂರಿಸಿ ಗುರ್ರೆಂದು ನಿಂತಿತು. ಸೂಗಪ್ಪ ಹಸಿರು ಬಾವುಟ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ ಅವನ ಹೆಂಡತಿ ಕಲ್ಯಾಣಮ್ಮ ಹಣೆ ಬಡಿದುಕೊಂಡಳು.

"ಹೋತು! ನನ್ನ ಕಾಶಿ ಮತ್ತ ಬದನಿಕಾಯಿ ಪಾಲಾತು."

ಅವಳ ಸಂಕಟ ಸುಳ್ಳಲ್ಲ. ಸೂಗಪ್ಪ ಯಾದಗಿರಿ ಸ್ಟೇಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಪಾಯಿಂಟ್ಸ್‌ಮನ್ ಆಗಿದ್ದವನು. ಸಾವಿರಾರು ಗಾಡಿಗಳಿಗೆ ಹಳಿ ಬದಲಿಸಿ ದಾರಿ ತೋರಿಸಿದವನು, ಹೆಂಡತಿಯನ್ನು ಮಾತ್ರ ಒಂದು ಸಲವೂ ರೈಲು ಹತ್ತಿಸಲಿಲ್ಲ. ಕಲಬುರಗಿಗೆ ಹೋಗಬೇಕಾದರೂ ಬೈಕೇ ಗತಿ. "ಪುಕ್ಕಟ ಪಾಸಿನ ಮ್ಯಾಲ ನಾವ ಕುಂತ್ರ, ರೊಕ್ಕ ಕೊಟ್ಟಾಂವ ಎಲ್ಲಿ ಕುಂದ್ರಬೇಕು?" ಎನ್ನುತ್ತಿದ್ದ. ನನ್ನ ಗಂಡ ಧರ್ಮರಾಯ ಎಂದು ಅವಳು ಓಣಿಯೆಲ್ಲ ಸಾರಿಕೊಂಡು ಬಂದಿದ್ದಳು. ಈಗಂತೂ ಕಟ್ಟೆಯನ್ನೂ ಅವನೇ ಗುಡಿಸುತ್ತಾನೆ. ಅವಳು ಬೇಳೆ ಹಸನು ಮಾಡಿ ಎದ್ದರೆ ಸಾಕು, ಒಂದು ಕಸ ಉಳಿಯದಂತೆ ಬಳಿದು ತೆಗೆಯುತ್ತಾನೆ. ಇಂಥ ಗಂಡ ಎಷ್ಟು ಮಂದಿಗೆ ಸಿಗುತ್ತಾನೆ ಹೇಳಿ?

ರಿಟೈರಾದ ದಿನವೇ ಕಲ್ಯಾಣಮ್ಮ ಸೆರಗು ಸಿಕ್ಕಿಸಿ ನಿಂತಿದ್ದಳು. "ಪಾಸ್ ಅದ. ಕಾಶಿಗೆ ನಡೀರಿ."

ಸೂಗಪ್ಪ ತಲೆ ಕೆರೆದುಕೊಂಡ. "ಹಿತ್ತಲದಾಗ ಒಂದ್ ಸಣ್ಣ ರೈಲು ಕಟ್ತೀನಿ, ಮೊಮ್ಮಕ್ಕಳು ಕುಂತು ಆಡ್ತಾವ. ಅದರ ಪಾಯಿಂಟು ಮೂರು ಸಲ ಬರೋಬರಿ ಬೀಳಲಿ. ಮರುದಿನಾನೇ ಕಾಶಿ." ಅಬ್ಬೆತುಮಕೂರಿನ ದಿಕ್ಕಿಗೆ ಕೈ ಮುಗಿದು ಮಠದ ಆಣೆಯನ್ನೂ ಇಟ್ಟ.

ಅದಾಗಿ ಎರಡು ವರ್ಷ. ರೈಲು ಆರೇ ತಿಂಗಳಿಗೆ ತಯಾರಾಯಿತು. ಹಳೆಯ ಸ್ಕೂಟರಿನ ಬ್ಯಾಟರಿ, ಶಹಾಪುರದ ವೆಲ್ಡರ್ ಹಣಮೇಶ ಮಾಡಿಕೊಟ್ಟ ಗಾಲಿ. ಆಗದೆ ಉಳಿದಿದ್ದು ಪಾಯಿಂಟು. ಒಂದು ಹಳಿ ಎರಡಾಗಿ ಒಡೆಯುವ ಜಾಗದಲ್ಲಿ, ಚೂಪಾಗಿ ಉಜ್ಜಿದ ಎರಡು ಕಬ್ಬಿಣದ ಪಟ್ಟಿ. ಲಿವರ್ ಎಳೆದರೆ ಪಟ್ಟಿ ಸರಿದು ಹಳಿಗೆ ಒತ್ತಿ ಕೂಡಬೇಕು. ನಡುವೆ ಬೇಳೆಯಷ್ಟು ಸಂದು ಉಳಿದರೂ ಗಾಲಿ ದಾರಿ ತಪ್ಪುತ್ತದೆ. ಐದು ಪಾಯಿಂಟು ಮಾಡಿ ಐದನ್ನೂ ಗುಜರಿಗೆ ಹಾಕಿದ್ದಾಯಿತು. ಇದು ಆರನೆಯದು.

ಪ್ರತಿ ಸಲವೂ ರೈಲಿನ ಮೇಲೆ ಕೂತು ಹೋಗುವುದು ತೊಗರಿ ಚೀಲ. "ಟೆಸ್ಟಿಂಗದಾಗ ಮನುಷ್ಯಾ ಕುಂದ್ರಬಾರದು, ರೂಲ್ ಅದ," ಎನ್ನುತ್ತ ಸೂಗಪ್ಪ ಪಕ್ಕದಲ್ಲೇ ನಡೆಯುತ್ತಿದ್ದ. ಅಂಗಿ ಜೇಬಿನಲ್ಲಿ ನಿಂಬೆಹಣ್ಣು. ರೈಲು ಬೇವಿನ ಗಿಡ ಸುತ್ತುವಾಗ ಅದನ್ನು ತೆಗೆದು ಮೂಗಿಗೆ ಹಿಡಿಯುತ್ತಿದ್ದ. ದೃಷ್ಟಿ ತಾಗಬಾರದೆಂದು ಇರಬೇಕು, ಪಾಪ ಎಂದುಕೊಂಡು ಕಲ್ಯಾಣಮ್ಮ ತಾನೇ ಸಲಕ್ಕೊಂದು ಹೊಸ ಹಣ್ಣು ಕೊಡುತ್ತಿದ್ದಳು.

ಈ ಸಲ ಅವಳು ಎದ್ದು ಹೋಗಿ ಬಗ್ಗಿ ನೋಡಿದಳು. ಪಟ್ಟಿಗೂ ಹಳಿಗೂ ನಡುವೆ ಒಂದು ಕರಿ ಹರಳುಕಲ್ಲು.

"ಪಾಯಿಂಟಿಂದು ತಪ್ಪಿಲ್ರೀ! ಯಾರೋ ಬೇಕಂತನೇ ಇಟ್ಟಾರ."

"ಇರಬಹುದು," ಎಂದ ಸೂಗಪ್ಪ ಬೇವಿನ ಗಿಡ ನೋಡುತ್ತ. "ಮಂದಿಗೆ ಹೊಟ್ಟಿಕಿಚ್ಚು."

ಮಂದಿ ಎಂದರೆ ಇನ್ಯಾರು? ಪಕ್ಕದ ಮನೆಯ ಖುರ್ಷೀದಬೇಗಂ. ರೈಲಿನ ಗದ್ದಲಕ್ಕೆ ನನ್ನ ಕೋಳಿ ತತ್ತಿ ಇಡೋದು ಬಿಟ್ಟಾವ ಎಂದು ಹೋದ ವಾರವೇ ಕೂಗಾಡಿದವಳು. ಕಲ್ಯಾಣಮ್ಮ ಗೋಡೆಯ ಹತ್ತಿರ ಹೋಗಿ ಹರಳು ಎತ್ತಿ ಹಿಡಿದಳು.

"ಖುರ್ಷೀದಾ, ಇದು ಯಾರ ಕೆಲಸ?"

"ಯಾ ಅಲ್ಲಾ! ನನ್ನ ಕೋಳಿ ಹರಳು ನುಂಗ್ತಾವ ಅಕ್ಕಾ, ತಂದು ಇಡಂಗಿಲ್ಲ. ಮೊದಲ ನಿಮ್ಮ ಮನ್ಯಾಗ ಹುಡುಕ್ರಿ."

ಎಷ್ಟು ಸೊಕ್ಕು ನೋಡಿ! ಕಲ್ಯಾಣಮ್ಮನಿಗೆ ಆ ದಿನ ಊಟ ಸೇರಲಿಲ್ಲ.

ಮರುದಿನ ಹೊತ್ತೇರುವ ಮೊದಲೇ ಅವಳು ಮೊರದ ತುಂಬ ಬೇಳೆ ಹಿಡಿದು ಪಾಯಿಂಟಿನ ಪಕ್ಕಕ್ಕೇ ಚಕ್ಕಳಮಕ್ಕಳ ಹಾಕಿ ಕೂತಳು. ಯಾವಳು ಬರುತ್ತಾಳೋ ಬರಲಿ!

"ಒಂದಿಷ್ಟು ಚಹಾ ಮಾಡು," ಎಂದ ಸೂಗಪ್ಪ.

"ಇವತ್ತ ಚಹಾ ಇಲ್ಲ."

"ನಳಕ್ಕ ನೀರು ಬಂದಾವ."

"ಹರೀಲಿ."

"ಸುರಪುರದಿಂದ ನಿಮ್ಮಣ್ಣನ ಫೋನು."

"ಸಂಜಿಗಿ ಮಾತಾಡ್ತೀನಿ."

"ಪಾಯಿಂಟಿಗಿ ಎಣ್ಣಿ ಹಾಕಬೇಕು, ಒಂಚೂರು ಸರಿ."

"ನಾನೇ ಹಾಕೀನಿ. ನೀವು ಗಾಡಿ ಬಿಡ್ರಿ."

ಸೂಗಪ್ಪ ಗಾಡಿ ಬಿಟ್ಟ. ಪಟ್ಟಿ ಠಣ್ ಎಂದು ಹಳಿಗೆ ಕೂತಿತು. ತೊಗರಿ ಚೀಲ ರಾಜನ ಹಾಗೆ ಬೇವಿನ ಗಿಡ ಸುತ್ತಿ ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲಕ್ಕೆ ಗೋಡೆಯಾಚೆಯಿಂದ ಖುರ್ಷೀದಬೇಗಂ ಕೂಡ ಚಪ್ಪಾಳೆ ಹೊಡೆದಳು.

ಕಲ್ಯಾಣಮ್ಮನ ಕಣ್ಣು ತುಂಬಿ ಬಂತು. "ಗೆದ್ರಲ್ರೀ! ನಾಳಿ ಕಾಶಿ!" ಎಂದು ಚೀಲವನ್ನು ಎಳೆದು ಕೆಳಗೆ ಹಾಕಿದಳು. "ಈಗ ನೀವು ಕುಂದರ್ರಿ. ಕಟ್ಟಿದಾಂವನೇ ಮೊದಲ ಹತ್ತಬೇಕು."

"ಬ್ಯಾಡ. ರೂಲ್—"

"ಟೆಸ್ಟಿಂಗ್ ಮುಗೀತಲ್ಲ, ಇನ್ನೆಲ್ಲಿ ರೂಲು?"

ಭುಜ ಹಿಡಿದು ಕೂರಿಸಿ ತಾನೇ ಸ್ವಿಚ್ ಒತ್ತಿದಳು. ರೈಲು ಪಾಯಿಂಟು ದಾಟಿತು, ಬೇವಿನ ಗಿಡ ಸುತ್ತಿತು, ತಿರುಗಿ ಬಂತು. ಒಂದೇ ಸುತ್ತು. ಸೂಗಪ್ಪ ಇಳಿದವನೇ ಬದನೆ ಪಾತಿಗೆ ಓಡಿ ಬಗ್ಗಿದ. ಬೆಳಿಗ್ಗೆ ತಿಂದ ಸುಸಲಾ ಪೂರಾ ಹೊರಗೆ ಬಂತು. ಬಗ್ಗಿದ ರಭಸಕ್ಕೆ ಜೇಬಿನಿಂದ ನಿಂಬೆಹಣ್ಣು ಉರುಳಿತು. ಅದರ ಹಿಂದೆಯೇ ಒಂದು ಹಿಡಿ ಹರಳು, ಬೇಳೆಯಲ್ಲಿ ಅವಳೇ ಆರಿಸಿ ಕಟ್ಟೆಯ ಮೇಲೆ ಬಿಟ್ಟಿದ್ದವು.

ಕಲ್ಯಾಣಮ್ಮ ಹರಳು ನೋಡಿದಳು, ಗಂಡನನ್ನು ನೋಡಿದಳು.

"ಮೂವತ್ತನಾಕು ವರ್ಷ ಎಲ್ಲಾರನ್ನೂ ಕಳಿಸೀನಿ, ಕಲ್ಯಾಣಿ," ಎಂದ ಸೂಗಪ್ಪ ಬಾಯೊರೆಸಿಕೊಳ್ಳುತ್ತ. "ನಾ ಮಾತ್ರ ಒಮ್ಮಿನೂ ಹತ್ತಿಲ್ಲ. ಹತ್ತಿದ್ರ ಹಿಂಗ ಆಗ್ತದ, ಸಣ್ಣಾಂವ ಇದ್ದಾಗನೇ ನೋಡೀನಿ."

"ಆಣಿ ಅಂದ್ರ ಆಣಿ," ಎಂದಳು ಕಲ್ಯಾಣಮ್ಮ. ಆಮೇಲೆ ಗೋಡೆಯ ಕಡೆ ತಿರುಗಿದಳು. "ಖುರ್ಷೀದಾ, ಬಾ ಇಲ್ಲಿ, ಈ ತೊಗರಿ ಚೀಲ ಖಾಲಿ ಮಾಡು. ಕಾಶಿ ತನಕ ಸಾಲುವಷ್ಟು ನಿಂಬಿಹಣ್ಣು ತುಂಬಬೇಕು."